ವ್ಯವಹಾರ ಸಂಸ್ಥೆಯಲ್ಲಿ ಮಾಹಿತಿ ಏಕೀಕರಣ: ಲಿಖಿತ ಹಾಗೂ ಅಲಿಖಿತ ಜ್ಞಾನ

ಸಾಂಪ್ರದಾಯಿಕ ಮಳಿಗೆಗಳಲ್ಲಿ ದಿನದ ವಹಿವಾಟನ್ನು ಕಿರ್ದಿಯಲ್ಲಿ ಬರೆದು, ಅನಂತರ ಅದನ್ನು ಆಯಾ ಖಾತೆಗಳಿಗೆ ಏರಿಸುವ ಪದ್ಧತಿಯಿತ್ತು. ಯಾವ ಸರಕು ಎಲ್ಲಿದೆ, ಯಾರಿಗೆ ಎಷ್ಟು ಸಾಲ ಕೊಡಬಹುದು ಎಂಬ ತಿಳಿವಳಿಕೆ ಬಹುಮಟ್ಟಿಗೆ ಗುಮಾಸ್ತರ ನೆನಪಿನಲ್ಲಿರುತ್ತಿತ್ತು. ಗಣಕಯಂತ್ರಗಳು ಬಂದ ಮೇಲೂ ದೊಡ್ಡ ಸಂಸ್ಥೆಗಳ ಖರೀದಿ, ಉಗ್ರಾಣ, ಮಾರಾಟ ಹಾಗೂ ಲೆಕ್ಕಪತ್ರ ವಿಭಾಗಗಳು ಒಂದೇ ಸಂಗತಿಯನ್ನು ಪ್ರತ್ಯೇಕವಾಗಿ ದಾಖಲಿಸುವುದು ಸಾಮಾನ್ಯವಾಗಿತ್ತು. ಒಮ್ಮೆ ದಾಖಲಾದುದು ಎಲ್ಲ ವಿಭಾಗಗಳಿಗೂ ಒದಗುವಂತೆ ಮಾಡುವುದೇ ಮಾಹಿತಿ ಏಕೀಕರಣ. ಐಬಿಎಂನ ಐವರು ಮಾಜಿ ಉದ್ಯೋಗಿಗಳು 1972ರಲ್ಲಿ ಜರ್ಮನಿಯಲ್ಲಿ ಸ್ಥಾಪಿಸಿದ ಸ್ಯಾಪ್ ಸಂಸ್ಥೆಯು ಈ ಬಗೆಯ ತಂತ್ರಾಂಶಕ್ಕೆ ಹೆಸರಾಗಿದೆ.

ಏಕೀಕರಣದ ಮೊದಲ ಅಗತ್ಯ ಹೆಸರು ಮತ್ತು ಅಳತೆಗಳಲ್ಲಿ ಒಮ್ಮತ. ಉಗ್ರಾಣದವರು ಚೀಲಗಳಲ್ಲಿ ಎಣಿಸುವುದನ್ನು ಮಾರಾಟದವರು ಕಿಲೋಗ್ರಾಂಗಳಲ್ಲಿ ಬರೆದರೆ ಲೆಕ್ಕ ಕೂಡುವುದಿಲ್ಲ. ಇದಕ್ಕಿಂತಲೂ ಕಠಿಣವಾದುದು ಅಲಿಖಿತ ಜ್ಞಾನದ ಪ್ರಶ್ನೆ. 1999ರಲ್ಲಿ ಅಮೆರಿಕದ ಚಾಕೊಲೇಟ್ ಸಂಸ್ಥೆ ಹರ್ಷಿ, ಬೇಡಿಕೆ ಏರುವ ಹೊತ್ತಿನಲ್ಲೇ ಇಂತಹ ವ್ಯವಸ್ಥೆಯನ್ನು ಅಳವಡಿಸಿತು. ಸರಕು ಸಿದ್ಧವಿದ್ದರೂ ಹ್ಯಾಲೋವೀನ್ ಹಬ್ಬಕ್ಕೆ ಸುಮಾರು 10 ಕೋಟಿ ಡಾಲರ್ ಮೌಲ್ಯದ ಪೂರೈಕೆ ನಡೆಯಲಿಲ್ಲ. ಅವಸರದ ಅಳವಡಿಕೆ ಇದಕ್ಕೆ ಮುಖ್ಯ ಕಾರಣ. ಇದರೊಂದಿಗೆ, ಹಬ್ಬದ ದಿನಗಳಲ್ಲಿ ನೌಕರರು ರೂಢಿಯಿಂದ ಸರಕು ಇರಿಸುತ್ತಿದ್ದ ತಾತ್ಕಾಲಿಕ ಜಾಗಗಳು ಹೊಸ ವ್ಯವಸ್ಥೆಯಲ್ಲಿ ನಮೂದಾಗಿರಲಿಲ್ಲವೆಂದೂ ವಿಶ್ಲೇಷಕರು ಗುರುತಿಸಿದ್ದಾರೆ.

ನೌಕರರ ಈ ರೂಢಿಜ್ಞಾನ ವೃತ್ತಿ ಜಾನಪದದ ವ್ಯಾಪ್ತಿಗೆ ಸೇರುವಂಥದು. ದಾಖಲೆಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲವೆಂದು ಯಂತ್ರ ಭಾವಿಸುತ್ತದೆ. ಆದ್ದರಿಂದ ಏಕೀಕರಣಕ್ಕೆ ಮುನ್ನ ಉಗ್ರಾಣದ ಕೆಲಸಗಾರರ ಮಾತನ್ನು ಕ್ಷೇತ್ರಕಾರ್ಯದ ಶಿಸ್ತಿನಿಂದ ಕೇಳಿ ದಾಖಲಿಸುವುದು ಅನಿವಾರ್ಯವೆನಿಸುತ್ತದೆ.