ಬೊನೇರ್: ದಡದಿಂದಲೇ ಕಡಲಾಳಕ್ಕೆ

ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನಡಿ ಸಂಚರಿಸುವುದು ಸ್ಕೂಬಾ ಡೈವಿಂಗ್. ಅದರಲ್ಲಿ ದೋಣಿಯ ಹಂಗಿಲ್ಲದೆ ದಡದಿಂದಲೇ ನಡೆದು ನೀರಿಗಿಳಿಯುವ ಕ್ರಮಕ್ಕೆ ಶೋರ್ ಡೈವಿಂಗ್ ಎಂದು ಹೆಸರು. ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರಿಗೆ ಎಲ್ಲಿ ಇಳಿಯಬೇಕು, ಯಾವಾಗ ಮೇಲೇಳಬೇಕು ಎಂಬುದನ್ನು ಜೊತೆಯ ಗೈಡ್ ಹೇಳುತ್ತಾನೆ. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ ಬಾಡಿಗೆಯ ಪಿಕಪ್ ವಾಹನದ ಹಿಂಭಾಗಕ್ಕೆ ಸಿಲಿಂಡರ್‌ಗಳನ್ನು ಹೇರಿಕೊಂಡು ಹೊರಡುವ ಪ್ರವಾಸಿಗೆ ಆ ನಿರ್ಧಾರಗಳೆಲ್ಲ ಸ್ವಂತದ ಹೊಣೆ.

ವೆನಿಜುವೆಲಾದ ಕರಾವಳಿಯಿಂದ ಸುಮಾರು 80 ಕಿ.ಮೀ. ದೂರದಲ್ಲಿರುವ, 2010ರಿಂದ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಗಿರುವ ಈ ದ್ವೀಪಕ್ಕೆ ಇಂಥ ಅನುಕೂಲ ಒದಗಿರುವುದು ಗಾಳಿಯಿಂದ. ಉಷ್ಣವಲಯದಲ್ಲಿ ಬಹುಮಟ್ಟಿಗೆ ಒಂದೇ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತಗಳು ಪೂರ್ವದ ದಡಕ್ಕೆ ಅಲೆಗಳನ್ನು ಅಪ್ಪಳಿಸುತ್ತಿರುವಾಗ, ಗಾಳಿಮರೆಯಾದ ಪಶ್ಚಿಮದ ದಡ ಕೆರೆಯಂತೆ ತಣ್ಣಗಿರುತ್ತದೆ; ಹವಳದ ದಿಬ್ಬವೂ ಅಲ್ಲಿ ಈಜಿ ತಲುಪುವಷ್ಟು ಸಮೀಪದಲ್ಲೇ ಆಳಕ್ಕೆ ಜಾರುತ್ತದೆ. ಆದರೆ ದೂರದ ಚಂಡಮಾರುತವೊಂದು ಗಾಳಿಯ ದಿಕ್ಕನ್ನು ಮಗುಚಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ: 1999ರ ನವೆಂಬರಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದ ಲೆನಿ ಚಂಡಮಾರುತದ ಅಲೆಗಳು ಇದೇ ಶಾಂತ ದಡದ ಹವಳಗಳನ್ನು ಮುರಿದವು. ಆದ್ದರಿಂದ ಡೈವಿಂಗ್ ತಾಣಗಳ ಪಟ್ಟಿ ಮಾಡುವ ಮುನ್ನ ಗಾಳಿಯ ಮುನ್ಸೂಚನೆಯನ್ನು ನೋಡುವುದು ಒಳಿತು.

ರಸ್ತೆಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ತಾಣಗಳ ಗುರುತು. ನಿಜವಾದ ಕಷ್ಟ ನೀರಿನೊಳಗಲ್ಲ, ನೀರಿನಂಚಿನಲ್ಲಿ. ಮೊನಚು ಸುಣ್ಣಕಲ್ಲು, ಉರುಳುವ ಹವಳದ ತುಂಡುಗಳು, ಕಡಲ ಮುಳ್ಳುಚೆಂಡುಗಳ ನಡುವೆ ಭಾರ ಹೊತ್ತು ನಡೆಯಬೇಕಾದ್ದರಿಂದ ದಪ್ಪ ಅಟ್ಟೆಯ ಬೂಟು ಬೇಕೇ ಬೇಕು. ‘ಸಾವಿರ ಮೆಟ್ಟಿಲು’ ಎಂಬ ತಾಣದಲ್ಲಿರುವುದು ಎಪ್ಪತ್ತರ ಆಸುಪಾಸಿನ ಮೆಟ್ಟಿಲುಗಳಷ್ಟೇ ಆದರೂ, ಸಿಲಿಂಡರ್ ಹೊತ್ತು ಹತ್ತುವವರಾರೂ ಆ ಹೆಸರನ್ನು ಸುಳ್ಳೆನ್ನಲಾರರು. ನೀರಿಗಿಳಿದ ಜಾಗದಲ್ಲೇ ಮೇಲೇಳಬೇಕಾದ್ದರಿಂದ ಮೊದಲು ಸೆಳವಿಗೆ ಎದುರಾಗಿ ಈಜಿ, ಗಾಳಿ ಸಾಕಷ್ಟು ಉಳಿದಿರುವಾಗಲೇ ತಿರುಗಿ ಸೆಳವಿನೊಂದಿಗೆ ಮರಳುವುದು ರೂಢಿ.

1984ರಲ್ಲಿ ಮುಳುಗಿದ ಹಿಲ್ಮಾ ಹೂಕರ್ ಎಂಬ ಸುಮಾರು 72 ಮೀಟರ್ ಉದ್ದದ ಹಡಗನ್ನೂ ದಡದಿಂದಲೇ ಈಜಿ ತಲುಪಬಹುದು. ಆದರೆ ಅದು ಒರಗಿರುವ ತಳ ಸುಮಾರು 30 ಮೀಟರ್ ಆಳದಲ್ಲಿದ್ದು, ಮೊದಲ ಹಂತದ ತರಬೇತಿ ಮುಗಿಸಿದವರ ಮಿತಿ 18 ಮೀಟರ್ ಮಾತ್ರ. ಸುತ್ತಲಿನ ಸಾಗರ 1979ರಿಂದ ಸಂರಕ್ಷಿತ ಉದ್ಯಾನವಾಗಿರುವುದರಿಂದ ಶುಲ್ಕ ಕಟ್ಟಿ, ಪರಿಚಯದ ಡೈವ್ ಒಂದನ್ನು ಮುಗಿಸಿದ ಮೇಲಷ್ಟೇ ಸ್ವತಂತ್ರವಾಗಿ ಇಳಿಯಲು ಅವಕಾಶ. ಕೈಗವಸು ಇದ್ದರೆ ಹವಳವನ್ನು ಹಿಡಿಯುವ ಧೈರ್ಯ ಬರುತ್ತದೆಂದು ಅದಕ್ಕೂ ನಿಷೇಧವಿದೆ. ನಿಲ್ಲಿಸಿದ ವಾಹನದಲ್ಲಿ ಬೆಲೆಬಾಳುವ ಯಾವುದನ್ನೂ ಬಿಡಬಾರದು.

ಆಳದ ಒತ್ತಡದಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕವು, ಬೇಗನೆ ವಿಮಾನವೇರಿದರೆ ಅಲ್ಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಹೊಮ್ಮಿ ಅಪಾಯ ತರುವುದರಿಂದ, ದಿನವೂ ಹಲವು ಬಾರಿ ಮುಳುಗಿದವರು ಕಡೆಯ ಡೈವ್ ಮತ್ತು ವಿಮಾನದ ನಡುವೆ ಕನಿಷ್ಠ 18 ಗಂಟೆ ಬಿಡಬೇಕು. ಹಾಗೆ ಉಳಿಯುವ ದಿನವನ್ನು ದಕ್ಷಿಣದ ಉಪ್ಪಿನ ಗದ್ದೆಗಳಿಗೆ ಮೀಸಲಿಡಬಹುದು. ಅಲ್ಲಿ ರಾಜಹಂಸಗಳ ಜೊತೆಗೆ, ಉಪ್ಪು ಕೆಲಸದ ಗುಲಾಮರಿಗಾಗಿ 1850ರಲ್ಲಿ ಕಟ್ಟಿದ, ಬಗ್ಗಿಯೇ ಒಳಹೋಗಬೇಕಾದ ಕಲ್ಲಿನ ಗುಡಿಸಲುಗಳೂ ಕಾಣಸಿಗುತ್ತವೆ. ಗುಲಾಮಗಿರಿ ಅಲ್ಲಿ ರದ್ದಾದುದು 1863ರಲ್ಲಿ.