ಕೈಗೆ ಬಾರದ ಬೆಕ್ಕಿಗೆ ಸುರಿದ ಕಣ್ಣೀರು

ಬೆಂಗಳೂರಿನಿಂದ ರಜೆಗೆಂದು ಲಚ್ಯಾಣದ ತವರಿಗೆ ಬಂದಿದ್ದ ಸಹೋದರಿಯೊಬ್ಬರು ಭಾನುವಾರದ ಬಲಿಪೂಜೆಯ ನಂತರ ನನ್ನನ್ನು ಕಂಡು, "ಫಾದರ್, ಬೆಕ್ಕು ಸತ್ತಿದ್ದಕ್ಕೆ ಅಳುವುದು ತಪ್ಪೇ?" ಎಂದು ಕೇಳಿದರು. ಜೊತೆಗಿದ್ದ ತಾಯಿ, "ಮನಷ್ಯಾರಿಗೇ ಅಳೋರಿಲ್ಲ, ಬೆಕ್ಕಿಗೆ ಅಳ್ತಾಳ ನೋಡ್ರಿ" ಎಂದು ನಿಟ್ಟುಸಿರಿಟ್ಟರು. ಜೋಳ ಬೆಳೆಯುವ ಈ ನಾಡಿನಲ್ಲಿ ಬೆಕ್ಕೆಂದರೆ ಇಲಿ ಹಿಡಿದು ಕಾಳು ಕಾಯುವ ಜೀವಿ. ಅದು ಬರುತ್ತದೆ, ಒಂದು ದಿನ ಕಾಣೆಯಾಗುತ್ತದೆ, ಯಾರೂ ಅಳುವುದಿಲ್ಲ.

ಈ ಸಹೋದರಿ ವಾರಕ್ಕೊಮ್ಮೆ ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ಸೇವೆ ಮಾಡುತ್ತಾರೆ. ಪಾಳುಬಿದ್ದ ಗೋದಾಮಿನಿಂದ ತಂದ ಬೂದು ಬಣ್ಣದ ಬೆಕ್ಕೊಂದು ಅಲ್ಲಿ ಪೆಟ್ಟಿಗೆಯ ಹಿಂದೆಯೇ ಅಡಗಿರುತ್ತಿತ್ತು. ಇವರು ಬಟ್ಟಲಿಟ್ಟು, ದೂರ ಕುಳಿತು, ಮೌನವಾಗಿ ಜಪಸರ ಮಾಡುತ್ತಿದ್ದರು. ಐದನೆಯ ತಿಂಗಳು ಅದು ಇವರೆದುರು ಉಂಡಿತು. ಏಳನೆಯ ತಿಂಗಳು ಇವರತ್ತ ನೋಡಿ ಮೆಲ್ಲನೆ ಕಣ್ಣು ಮುಚ್ಚಿ ತೆರೆಯಿತು. ಬಳಿಕ ಕಾಯಿಲೆ ಬಿದ್ದು ತೀರಿಕೊಂಡಿತು. ಇವರು ಅದನ್ನು ಮೊದಲ ಬಾರಿಗೆ ಮುಟ್ಟಿದ್ದು ಹೂಳುವಾಗ.

ಬೆಕ್ಕಿನ ಮರಿಗಳು ಹುಟ್ಟಿದ ಎರಡರಿಂದ ಏಳು ವಾರಗಳೊಳಗೆ ಮನುಷ್ಯರ ಒಡನಾಟ ಕಾಣದಿದ್ದರೆ ಬದುಕಿಡೀ ಅಂಜುವುದುಂಟು. ಅದು ಕೃತಘ್ನತೆಯಲ್ಲ, ಭಯ. ನಾವು ಮೆಲ್ಲನೆ ಕಣ್ಣು ಮುಚ್ಚಿ ತೆರೆದರೆ ಬೆಕ್ಕುಗಳೂ ಹಾಗೆಯೇ ಪ್ರತಿಕ್ರಿಯಿಸುತ್ತವೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಆ ಬೆಕ್ಕು ಕೊಡಬಲ್ಲದ್ದನ್ನು ಕೊಟ್ಟೇ ಹೋಗಿತ್ತು. ಇಂಥ ಸೇವೆಗೆ ನಮ್ಮ ನಾಡಿನಲ್ಲಿ ಹಿರಿಯ ಮಾದರಿಯೂ ಇದೆ: ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ ಬೆಂಗಳೂರಿನಲ್ಲಿ ಪ್ರಾಣಿದಯಾ ಸಂಸ್ಥೆಯಾದ 'ಕ್ಯೂಪಾ'ವನ್ನು ಆರಂಭಿಸಿದಾಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು.

ಆದರೂ ತಾಯಿಯ ಮಾತನ್ನು ತಳ್ಳಿಹಾಕಲಾಗದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಪ್ರಾಣಿಗಳಿಗೆ ನಾವು ದಯೆ ತೋರಬೇಕೆನ್ನುತ್ತದೆ. ಅವುಗಳನ್ನು ವೃಥಾ ನೋಯಿಸುವುದು ಮಾನವ ಘನತೆಗೇ ವಿರುದ್ಧವೆನ್ನುತ್ತದೆ. ಪ್ರಾಣಿಗಳನ್ನು ಪ್ರೀತಿಸಬಹುದು, ಆದರೆ ಮನುಷ್ಯರಿಗಷ್ಟೇ ಸಲ್ಲಬೇಕಾದ ಮಮತೆಯನ್ನು ಅವುಗಳಿಗೆ ಕೊಡಬಾರದೆಂದೂ ಎಚ್ಚರಿಸುತ್ತದೆ. ಪ್ರಾಣಿಯ ಆತ್ಮ ದೇಹದೊಡನೆ ಅಳಿಯುತ್ತದೆಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಗುರುಮಠದಲ್ಲಿ ಅದನ್ನು ಕಲಿತ ನಾನು, ಆ ಬೆಕ್ಕು ಸ್ವರ್ಗದಲ್ಲಿದೆಯೆಂದು ಸುಳ್ಳು ಸಾಂತ್ವನ ಹೇಳಲಿಲ್ಲ.

"ನಿಮ್ಮ ಈ ಪ್ರೀತಿಯಿಂದ ಮನೆಯಲ್ಲಿ ಯಾರಿಗಾದರೂ ಕೊರತೆಯಾಯಿತೇ?" ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಮಾವನವರ ಬಳಿ ಮೊದಲು ಐದು ನಿಮಿಷ ಕೂರಲೂ ತಮಗೆ ಆಗುತ್ತಿರಲಿಲ್ಲವೆಂದೂ, ಈಗ ಉತ್ತರ ಬಯಸದೆ ಗಂಟೆಗಟ್ಟಲೆ ಕೂರಬಲ್ಲೆನೆಂದೂ ಹೇಳಿದರು. ತಾಯಿ ಮಗಳ ಮುಖವನ್ನೇ ನೋಡಿದರು, ಏನೂ ಅನ್ನಲಿಲ್ಲ.

ಪ್ರತಿಫಲ ಬಯಸದೆ ಕಾಯುವುದು ಕಲಿತ ಪ್ರೀತಿ ಬೆಕ್ಕಿನ ಬಳಿಯೇ ನಿಲ್ಲುವುದಿಲ್ಲ. ನಾವು ಬೆನ್ನು ತಿರುಗಿಸಿ ಅಡಗಿದಾಗಲೂ ದೇವರು ನಮ್ಮನ್ನು ಹೀಗೆಯೇ ಕಾಯುವರಲ್ಲವೇ? ಗುಬ್ಬಚ್ಚಿಯನ್ನೂ ಮರೆಯದ ತಂದೆಯ ಕುರಿತು ಪ್ರಭು ಯೇಸು ಬೋಧಿಸಿದ್ದಾರೆ. ಅವರ ಲೆಕ್ಕದಲ್ಲಿ ಆ ಬೂದು ಬೆಕ್ಕೂ ಇದೆ, ಅದಕ್ಕಾಗಿ ಸುರಿದ ಕಣ್ಣೀರೂ ಇದೆ.

ಪ್ರಿಯ ಪೋಷಕರೇ, ನಿಮ್ಮ ಮಗು ಸತ್ತ ಬೆಕ್ಕಿಗಾಗಿ ಅತ್ತರೆ ನಗಬೇಡಿ. ಜೊತೆಗೆ ನಿಂತು ಹೂಳಿ. ನಂತರ ಅದೇ ಮಗುವಿನ ಕೈ ಹಿಡಿದು, ನೆರೆಮನೆಯಲ್ಲಿ ಒಂಟಿಯಾಗಿರುವ ಹಿರಿಯರನ್ನು ಕಾಣಲು ಹೋಗಿ.