ಹೃದಯಕ್ಕೊಂದು ಮೂಗುದಾರ

ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಆದರೆ ಸುಮ್ಮನೆ ಕೂತಿರುವ ಆರೋಗ್ಯವಂತರ ನಾಡಿ ಹಿಡಿದರೆ ಲೆಕ್ಕಕ್ಕೆ ಸಿಗುವುದು 70ರ ಆಸುಪಾಸು. ಉಳಿದ ಬಡಿತಗಳನ್ನು ತಡೆಹಿಡಿದಿರುವುದು ಮಿದುಳಿನ ಬುಡ. ಮಿದುಳಿನ ಕಾಂಡ ಬೆನ್ನುಹುರಿಯನ್ನು ಕೂಡುವ ಜಾಗದಲ್ಲಿ ಮೆಡುಲ್ಲಾ ಎಂಬ ಭಾಗವಿದೆ. ಉದ್ದ ಸುಮಾರು 3 ಸೆಂಟಿಮೀಟರ್. ಅಲ್ಲಿಂದ ಹೊರಡುವ ವೇಗಸ್ ನರ ಕತ್ತಿನ ಮೂಲಕ ಇಳಿದು ಹೃದಯವನ್ನು ಹಗಲೂ ರಾತ್ರಿ ಹದದಲ್ಲಿಡುತ್ತದೆ, ಎತ್ತಿಗೆ ಮೂಗುದಾರ ಇದ್ದ ಹಾಗೆ. ಬಿಗಿ ಹಿಡಿದರೆ ನಿಧಾನ, ಸಡಿಲ ಬಿಟ್ಟರೆ ಓಟ.

1845ರಲ್ಲಿ ಜರ್ಮನಿಯ ವೆಬರ್ ಸಹೋದರರು ಈ ನರಕ್ಕೆ ವಿದ್ಯುತ್ ಹಾಯಿಸಿದಾಗ ಹೃದಯದ ಬಡಿತ ನಿಧಾನವಾಯಿತು, ನಿಂತೂ ಹೋಯಿತು. ನರವೆಂದರೆ ಅಂಗವನ್ನು ಕೆಲಸಕ್ಕೆ ಹಚ್ಚುವ ತಂತಿ ಎಂದು ನಂಬಿದ್ದ ಕಾಲಕ್ಕೆ ಇದು ದೊಡ್ಡ ಅಚ್ಚರಿ. ನರ ಅದನ್ನು ಹೇಗೆ ಮಾಡುತ್ತದೆಂದು ತೋರಿಸಿದವರು ಆಟೊ ಲೋವಿ. 1921ರಲ್ಲಿ ಅವರು ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಕೆರಳಿಸಿ, ಆ ಹೃದಯ ತೊಯ್ದಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಯಾವ ನರದ ಸಂಪರ್ಕವೂ ಇಲ್ಲದ ಆ ಎರಡನೇ ಹೃದಯವೂ ನಿಧಾನವಾಯಿತು. ನರದ ತುದಿಯಿಂದ ಒಸರಿದ ಆ ರಾಸಾಯನಿಕವನ್ನು ನಾವೀಗ ಅಸಿಟೈಲ್‌ಕೋಲಿನ್ ಎನ್ನುತ್ತೇವೆ.

ಮೆಡುಲ್ಲಾದ ನಿಜವಾದ ಕೌಶಲ ಕಾಣುವುದು ಮಲಗಿದ್ದವರು ಎದ್ದು ನಿಂತಾಗ. ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಜಾರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ರಕ್ತದೊತ್ತಡ ಇಳಿಯುತ್ತದೆ. ಮಿದುಳಿಗೆ ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದ ಕಾದು ನೋಡಲು ಪುರುಸೊತ್ತಿಲ್ಲ.

ಕತ್ತಿನ ಎರಡೂ ಬದಿಯ ಕೆರೋಟಿಡ್ ರಕ್ತನಾಳಗಳಲ್ಲಿ, ಹೃದಯದಿಂದ ಹೊರಟ ಮಹಾಪಧಮನಿಯ ಬಾಗಿನಲ್ಲಿ, ನಾಳದ ಗೋಡೆ ಎಷ್ಟು ಹಿಗ್ಗಿದೆಯೆಂದು ಅಳೆಯುವ ನರತುದಿಗಳಿವೆ. ಹಿಗ್ಗುವಿಕೆಯನ್ನು ಅರಿಯುವ ಕೆಲಸದಲ್ಲಿ ಪೀಜೊ-1, ಪೀಜೊ-2 ಎಂಬ ಪ್ರೋಟೀನುಗಳ ಪಾತ್ರವಿದೆಯೆಂದು 2018ರಲ್ಲಿ ಗೊತ್ತಾಯಿತು; ಆ ಪ್ರೋಟೀನುಗಳನ್ನು ಮೊದಲು ಪತ್ತೆಹಚ್ಚಿದ ತಂಡದ ಮುಖ್ಯಸ್ಥ ಆರ್ಡೆಮ್ ಪಟಪೂಟಿಯನ್‌ಗೆ 2021ರಲ್ಲಿ ನೊಬೆಲ್ ಬಂತು. ಒತ್ತಡ ಹೆಚ್ಚಿದ್ದಾಗ ಈ ತುದಿಗಳು ಮೆಡುಲ್ಲಾಗೆ ಎಡೆಬಿಡದೆ ಸಂಕೇತ ಕಳಿಸುತ್ತವೆ, ಒತ್ತಡ ಇಳಿದಾಗ ಸಂಕೇತ ವಿರಳವಾಗುತ್ತದೆ. ಅಂದರೆ ಇಲ್ಲಿ ಅಪಾಯದ ಸುದ್ದಿಯಾಗಿ ಬರುವುದು ಮೌನ. ಆ ಮೌನ ಕೇಳಿದ ತಕ್ಷಣ ಮೆಡುಲ್ಲಾ ವೇಗಸ್ ಹಿಡಿತವನ್ನು ಸಡಿಲಿಸುತ್ತದೆ. ಮುಂದಿನ ಒಂದೆರಡು ಬಡಿತದಲ್ಲೇ ಹೃದಯ ಚುರುಕಾಗುತ್ತದೆ.

ಇದರ ಜೊತೆಗೆ ಇನ್ನೊಂದು ಕೆಲಸವೂ ನಡೆಯುತ್ತಿರುತ್ತದೆ. ಮೆಡುಲ್ಲಾದ ಮುಂಬದಿಯಲ್ಲಿರುವ ಒಂದು ನರಕೋಶಗಳ ಗುಂಪು, ರಕ್ತನಾಳಗಳನ್ನು ಬಿಗಿಯಾಗಿಸುವ ಸಿಂಪಥೆಟಿಕ್ ನರಗಳನ್ನು ಸದಾ ಚಾಲನೆಯಲ್ಲಿಟ್ಟಿರುತ್ತದೆ. ಅದರ ಪಕ್ಕದ ಮತ್ತೊಂದು ಗುಂಪು ಇದನ್ನು ಹತ್ತಿಕ್ಕುತ್ತಿರುತ್ತದೆ. ಕತ್ತಿನಿಂದ ಬರುವ ಸಂಕೇತ ಇಳಿದಾಗ ಹತ್ತಿಕ್ಕುವ ಗುಂಪು ಸುಮ್ಮನಾಗಿ, ಮೊದಲಿನದಕ್ಕೆ ಬಿಡುಗಡೆ ಸಿಗುತ್ತದೆ. ಕೆಲವು ಸೆಕೆಂಡುಗಳಲ್ಲಿ ಕಾಲು, ಹೊಟ್ಟೆಯ ನಾಳಗಳು ಬಿಗಿಯಾಗಿ ರಕ್ತ ಮೇಲೇರುತ್ತದೆ. ಇದು ಬಹಳ ವಿವೇಕದ ಏರ್ಪಾಡು. ಕತ್ತಿನಿಂದ ಬರುವ ನರಗಳು ಏಟು ತಿಂದು ತುಂಡಾದರೆ ಒತ್ತಡ ಕುಸಿಯುವುದಿಲ್ಲ, ಏರುತ್ತದೆ; ಸುದ್ದಿ ನಿಂತರೂ ಮಿದುಳಿಗೆ ರಕ್ತ ತಪ್ಪುವುದಿಲ್ಲ.

ಈ ಸಂಪರ್ಕದ ಬೆಲೆಯನ್ನು ಚೆನ್ನಾಗಿ ಕಲಿಸಿದ್ದು ಹೃದಯ ಕಸಿ. 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದರು. ಕಸಿಯಲ್ಲಿ ರಕ್ತನಾಳಗಳನ್ನು ಹೊಲಿಯಬಹುದು, ನರಗಳನ್ನು ಹೊಲಿಯಲಾಗದು. ಹಾಗಾಗಿ ಹೊಸ ಹೃದಯ ವಿಶ್ರಾಂತಿಯಲ್ಲೂ ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತದೆ. ಮೆಟ್ಟಿಲು ಹತ್ತಿದರೂ ಅದು ಕೂಡಲೇ ಚುರುಕಾಗದು, ರಕ್ತದಲ್ಲಿ ಅಡ್ರಿನಲಿನ್ ಹರಿದು ಬರುವವರೆಗೆ ಕಾಯಬೇಕು; ಹತ್ತುವುದನ್ನು ನಿಲ್ಲಿಸಿದ ಮೇಲೂ ಬಡಿತ ಬೇಗ ಇಳಿಯದು. ಕಸಿ ಮಾಡಿಸಿಕೊಂಡವರು ವ್ಯಾಯಾಮವನ್ನು ನಿಧಾನವಾಗಿ ಆರಂಭಿಸಿ ನಿಧಾನವಾಗಿ ಮುಗಿಸಬೇಕೆಂದು ವೈದ್ಯರು ಹೇಳುವುದು ಇದಕ್ಕೇ.

ಇಷ್ಟೆಲ್ಲ ಕಾವಲಿದ್ದೂ ಅಧಿಕ ರಕ್ತದೊತ್ತಡ ಏಕೆ ಬರುತ್ತದೆ? ಒತ್ತಡ ದಿನಗಟ್ಟಲೆ ಹೆಚ್ಚಾಗಿಯೇ ಉಳಿದರೆ ಈ ನರತುದಿಗಳು ಆ ಹೊಸ ಮಟ್ಟವನ್ನೇ ಸರಿಯೆಂದು ಒಪ್ಪಿಕೊಳ್ಳುತ್ತವೆ. ಆಮೇಲೆ ಅವು ದೂರುವುದಿಲ್ಲ. ಈ ವ್ಯವಸ್ಥೆ ಸೆಕೆಂಡು, ನಿಮಿಷಗಳನ್ನು ನೋಡಿಕೊಳ್ಳುತ್ತದೆ. ವರ್ಷಗಳ ಲೆಕ್ಕ ಹೆಚ್ಚಾಗಿ ಮೂತ್ರಪಿಂಡಗಳ ಪಾಲಿನದು.

ವಯಸ್ಸಾದಂತೆ ರಕ್ತನಾಳಗಳು ಗಡುಸಾಗುತ್ತವೆ, ನರತುದಿಗಳಿಗೆ ಏರಿಳಿತ ಸರಿಯಾಗಿ ತಿಳಿಯುವುದಿಲ್ಲ. ಅದರ ಮೇಲೆ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ತೊಂದರೆಯ ಕೆಲವು ಮಾತ್ರೆಗಳೂ ಸೇರಿದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ನಿಂತ 3 ನಿಮಿಷದೊಳಗೆ ಬಿ.ಪಿ.ಯ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ವೈದ್ಯರು ಅದನ್ನು ಗಮನಿಸಲೇಬೇಕಾದ ಕುಸಿತವೆಂದು ಪರಿಗಣಿಸುತ್ತಾರೆ. ಕೂರಿಸಿ ಒಂದೇ ಸಲ ನೋಡಿದರೆ ಇದು ಸಿಕ್ಕುವುದಿಲ್ಲ. ನಿಮ್ಮ ಮನೆಯ ಹಿರಿಯರು ರಾತ್ರಿ ಬಚ್ಚಲಿಗೆ ಎದ್ದಾಗ ತೂಕಾಡುತ್ತಿದ್ದರೆ, ಮಲಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ನೋಡುವಂತೆ ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಏಳುವ ಮುನ್ನ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂರಲು ಅವರಿಗೆ ಹೇಳಿ.